ಅಂಗೈಯಗಲದ ಕಾರು ಅಸಲಿಯಂತೆ ಕಾಣುವುದು ಹೇಗೆ? ಸ್ಕೇಲ್ ಮಾಡೆಲ್ ಮತ್ತು ಡಯೊರಾಮಾ ಹಿಂದಿನ ವಿಜ್ಞಾನ

ಆಟಿಕೆ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ಪುಟ್ಟ ಲೋಹದ ಕಾರೂ ಕಾರೇ. ಹವ್ಯಾಸಿಯೊಬ್ಬರು ಎರಡು ಮೂರು ತಿಂಗಳು ಕೂತು ಜೋಡಿಸಿ, ಬಣ್ಣ ಹಚ್ಚಿ, ಮಣ್ಣಿನ ರಸ್ತೆಯ ಮೇಲೆ ನಿಲ್ಲಿಸಿದ ಪುಟ್ಟ ಕಾರೂ ಕಾರೇ. ಆದರೆ ಮೊದಲನೆಯದನ್ನು ಕಂಡ ತಕ್ಷಣ ಕಣ್ಣು ‘ಇದು ಆಟಿಕೆ’ ಎಂದುಬಿಡುತ್ತದೆ. ಎರಡನೆಯದರ ಫೋಟೋ ನೋಡಿದಾಗ ಅರೆಕ್ಷಣವಾದರೂ ಗೊಂದಲವಾಗುತ್ತದೆ. ಈ ವ್ಯತ್ಯಾಸಕ್ಕೆ ಕೈಚಳಕ ಒಂದು ಕಾರಣ, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಇದು ಅಳತೆ, ಬೆಳಕು ಮತ್ತು ರಸಾಯನಶಾಸ್ತ್ರದ ಆಟ.

ಈ ಹವ್ಯಾಸದ ಸುತ್ತ ತಪ್ಪು ಕಲ್ಪನೆಗಳೂ ಸಾಕಷ್ಟಿವೆ. ಕೆಲವು ಬರೀ ತಮಾಷೆಯವು. ಕೆಲವನ್ನು ನಂಬಿದರೆ ಶ್ವಾಸಕೋಶಕ್ಕೆ ಪೆಟ್ಟು. ಒಂದೊಂದಾಗಿ ನೋಡೋಣ.

ಸ್ಕೇಲ್ ಎಂದರೇನು?

1:24 ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅಸಲಿ ಕಾರಿನ 24 ಮಿ.ಮೀ. ಮಾಡೆಲಿನಲ್ಲಿ 1 ಮಿ.ಮೀ. ಆಗಿದೆ ಎಂದರ್ಥ. ನಮಗೆಲ್ಲ ಗೊತ್ತಿರುವ ಅಂಬಾಸಿಡರ್ ಕಾರನ್ನೇ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 4.3 ಮೀಟರ್. 1:18ರಲ್ಲಿ ಅದು ಸುಮಾರು 24 ಸೆಂ.ಮೀ., 1:24ರಲ್ಲಿ 18 ಸೆಂ.ಮೀ., 1:43ರಲ್ಲಿ 10 ಸೆಂ.ಮೀ., 1:64ರಲ್ಲಿ ಏಳು ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ಜೋಡಿಸುವ ಪ್ಲಾಸ್ಟಿಕ್ ಕಿಟ್‌ಗಳು ಹೆಚ್ಚಾಗಿ 1:24 ಅಥವಾ 1:25ರಲ್ಲಿ ಬರುತ್ತವೆ. ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವ ಸಂಗ್ರಹಕಾರರಿಗೆ 1:43 ಇಷ್ಟ.

24, 43, 64 — ಈ ಅಂಕಿಗಳೇಕೆ ಹೀಗೆ ವಿಚಿತ್ರವಾಗಿವೆ? 20, 50 ಎಂದು ಇಟ್ಟುಕೊಳ್ಳಬಹುದಿತ್ತಲ್ಲ? ಇವು ಅಡಿ-ಅಂಗುಲಗಳ ಕಾಲದಿಂದ ಬಂದವು. ಒಂದು ಅಡಿಗೆ ಅರ್ಧ ಅಂಗುಲ ಎಂದು ಲೆಕ್ಕ ಹಾಕಿದರೆ 1:24 ಸಿಗುತ್ತದೆ. 1:43ರ ಕತೆ ಇನ್ನೂ ಸ್ವಾರಸ್ಯಕರ. ಬ್ರಿಟನ್ನಿನ ಆಟಿಕೆ ರೈಲುಗಳ ‘ಓ’ ಗೇಜಿನಲ್ಲಿ ಒಂದು ಅಡಿಗೆ 7 ಮಿ.ಮೀ. ಎಂಬ ಲೆಕ್ಕವಿತ್ತು. ಅಡಿ ಬ್ರಿಟಿಷ್, ಮಿಲಿಮೀಟರ್ ಫ್ರೆಂಚ್. ಎರಡನ್ನೂ ಬೆರೆಸಿದ ಈ ಲೆಕ್ಕದಲ್ಲಿ ಬಂದದ್ದು 1:43.5. ಲಿವರ್‌ಪೂಲಿನ ಮೆಕಾನೋ ಕಂಪನಿ ತನ್ನ ರೈಲುಗಳ ಪಕ್ಕ ನಿಲ್ಲಿಸಲು 1930ರ ದಶಕದಲ್ಲಿ ಪುಟ್ಟ ವಾಹನಗಳನ್ನು ಮಾಡಿತು. ಅವೇ ಮುಂದೆ ‘ಡಿಂಕಿ ಟಾಯ್ಸ್’ ಎಂದು ಹೆಸರಾದವು. ರೈಲಿನ ಬಾಲ ಹಿಡಿದು ಬಂದ ಆ ಅಳತೆ ಇಂದಿಗೂ ಕಾರು ಸಂಗ್ರಹದ ಜಗತ್ತಿನಲ್ಲಿ ಉಳಿದುಕೊಂಡಿದೆ. ಡಿಂಕಿಯ ಹಳೆಯ ಅಚ್ಚುಗಳು 1960ರ ದಶಕದ ಕೊನೆಯಲ್ಲಿ ಕಲ್ಕತ್ತಾಗೆ ಬಂದು, ಅದೇ ಕಾರುಗಳು ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಇಲ್ಲಿ ತಯಾರಾದದ್ದೂ ಉಂಟು.

ಇಲ್ಲೇ ಮೊದಲ ತಪ್ಪು ಕಲ್ಪನೆ: ‘ಹಾಟ್ ವೀಲ್ಸ್ ಕಾರುಗಳೆಲ್ಲ 1:64’. ಹಾಗೇನಿಲ್ಲ. ಅವನ್ನು ಒಂದೇ ಗಾತ್ರದ ಪ್ಯಾಕೆಟ್ಟಿನಲ್ಲಿ, ಒಂದೇ ಆಟದ ಟ್ರ್ಯಾಕಿನಲ್ಲಿ ಹಿಡಿಸಬೇಕು. ಹಾಗಾಗಿ ಪುಟ್ಟ ಕಾರು ಸ್ವಲ್ಪ ಹಿಗ್ಗುತ್ತದೆ, ಬಸ್ಸು-ಲಾರಿ ಬಹಳವೇ ಕುಗ್ಗುತ್ತವೆ. ಹವ್ಯಾಸಿಗಳು ಇದನ್ನು ‘ಬಾಕ್ಸ್ ಸ್ಕೇಲ್’ ಎನ್ನುತ್ತಾರೆ. ಅಂಥ ಬಸ್ಸು ಮತ್ತು ಕಾರನ್ನು ಒಂದೇ ಡಯೊರಾಮಾದಲ್ಲಿ ನಿಲ್ಲಿಸಿದರೆ ಏನೋ ಎಡವಟ್ಟಾಗಿದೆ ಎಂದು ನೋಡಿದವರಿಗೆ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ತೂಕದ ಲೆಕ್ಕವೂ ಕುತೂಹಲದ್ದು. ಉದ್ದ 64 ಪಟ್ಟು ಕುಗ್ಗಿದರೆ ಗಾತ್ರ ಕುಗ್ಗುವುದು 64 ಗುಣಿಸು 64 ಗುಣಿಸು 64, ಅಂದರೆ ಸುಮಾರು 2 ಲಕ್ಷ 62 ಸಾವಿರ ಪಟ್ಟು. 1100 ಕೆ.ಜಿ. ತೂಗುವ ಕಾರು 1:64ರಲ್ಲಿ ನಾಲ್ಕು ಗ್ರಾಂ ಚಿಲ್ಲರೆ ಇರಬೇಕು. ಆದರೆ ಆ ಅಳತೆಯ ಲೋಹದ ಆಟಿಕೆ ಸಾಮಾನ್ಯವಾಗಿ 30-40 ಗ್ರಾಂ ತೂಗುತ್ತದೆ. ಅದನ್ನು ಮತ್ತೆ ಅಸಲಿ ಗಾತ್ರಕ್ಕೆ ಹಿಗ್ಗಿಸಿದರೆ ಅದು ಕಾರಲ್ಲ, ಎಂಟು ಟನ್ನಿನ ಲಾರಿ! ಕೈಗೆ ‘ಗಟ್ಟಿ ಮಾಲು’ ಎನಿಸುವ ಆ ಭಾರಕ್ಕೂ ನಿಖರತೆಗೂ ಸಂಬಂಧವಿಲ್ಲ.

ಕಣ್ಣು ಆಟಿಕೆಯನ್ನು ಹಿಡಿದುಹಾಕುವುದು ಹೇಗೆ?

ಬಹುತೇಕ ಸಲ ಗುಟ್ಟು ಬಯಲಾಗುವುದು ದಪ್ಪದಿಂದ. ಅಸಲಿ ಕಾರಿನ ಮೈತಗಡು ಹೆಚ್ಚೆಂದರೆ ಒಂದು ಮಿ.ಮೀ. ದಪ್ಪ. ಕಿಟ್‌ನ ಪ್ಲಾಸ್ಟಿಕ್ ಕೂಡ ಒಂದು ಮಿ.ಮೀ. ಅಥವಾ ಸ್ವಲ್ಪ ಹೆಚ್ಚು. ಆದರೆ ಮಾಡೆಲಿನ ಒಂದು ಮಿ.ಮೀ. ಎಂದರೆ 1:24 ಲೆಕ್ಕದಲ್ಲಿ 24 ಮಿ.ಮೀ.! ಮುಂದಿನ ಗಾಜು ಸುಮಾರು ಒಂದಂಗುಲ ದಪ್ಪದ ಗುಂಡುನಿರೋಧಕ ಗಾಜಿನಂತೆ, ಚಕ್ರದ ಮೇಲಿನ ಕಮಾನು ಕೋಟೆಗೋಡೆಯಂತೆ ಕಾಣುವುದು ಇದಕ್ಕೇ. ಅನುಭವಿ ಹವ್ಯಾಸಿಗಳು ಇಡೀ ಮೈಯನ್ನು ತೆಳುಮಾಡುವ ಗೋಜಿಗೆ ಹೋಗುವುದಿಲ್ಲ. ಕಣ್ಣಿಗೆ ಕಾಣುವ ಅಂಚನ್ನು ಮಾತ್ರ ಒಳಗಿನಿಂದ ಓರೆಯಾಗಿ ಹೆರೆದು ತೆಳುವಾಗಿಸುತ್ತಾರೆ. ಅಂಚು ತೆಳುವಿದ್ದರೆ ಉಳಿದದ್ದೂ ತೆಳುವೇ ಎಂದು ಮೆದುಳು ಊಹಿಸಿಕೊಳ್ಳುತ್ತದೆ.

ಬಣ್ಣಕ್ಕೂ ಇದೇ ಮಾತು. ಕಾರ್ಖಾನೆಯಲ್ಲಿ ಕಾರಿಗೆ ಹಚ್ಚುವ ಎಲ್ಲ ಪದರಗಳೂ ಸೇರಿ ಸುಮಾರು 120 ಮೈಕ್ರಾನ್ ದಪ್ಪ ಎಂದಿಟ್ಟುಕೊಳ್ಳಿ. 1:24ಕ್ಕೆ ಇಳಿಸಿದರೆ ಅದು 5 ಮೈಕ್ರಾನ್ ಆಗಬೇಕು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಬ್ರಷ್‌ನಿಂದ ಎರಡು ಸಲ ಎಳೆದರೆ 50 ಮೈಕ್ರಾನಿಗೂ ಮಿಕ್ಕಿದ ಪದರ ಕೂರುತ್ತದೆ. ಅಸಲಿ ಲೆಕ್ಕದಲ್ಲಿ ಅದು ಮಿಲಿಮೀಟರಿಗೂ ಹೆಚ್ಚು ದಪ್ಪದ ಸುಣ್ಣ ಬಳಿದಂತೆ. ಬಾಗಿಲಿನ ಸಂದುಗಳು ಮುಚ್ಚಿಹೋಗುತ್ತವೆ, ಕಂಪನಿಯ ಲಾಂಛನ ಉಬ್ಬಿದ ಬೊಕ್ಕೆಯಾಗುತ್ತದೆ. ಏರ್‌ಬ್ರಷ್ ಬಳಸುವುದು ಶೋಕಿಗಲ್ಲ. ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಅಸಲಿ ಕಾರಿನ ಮೆಟಾಲಿಕ್ ಬಣ್ಣವನ್ನೇ ಗ್ಯಾರೇಜಿನಿಂದ ತಂದು ಮಾಡೆಲಿಗೆ ಹೊಡೆದರೆ ‘ಅದೇ ಬಣ್ಣ’ ಬರುತ್ತದೆ ಎಂದುಕೊಳ್ಳುವವರಿದ್ದಾರೆ. ಬಣ್ಣ ಅದೇ, ಆದರೆ ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಕುಗ್ಗಿಲ್ಲವಲ್ಲ. 40 ಮೈಕ್ರಾನಿನ ಚೂರು ಆ ಅಳತೆಯಲ್ಲಿ ಒಂದು ಮಿಲಿಮೀಟರಿನ ಮಿಣಮಿಣ ಚಮಕಿಯಾಗಿ ಕಾಣುತ್ತದೆ.

ಬಾಗಿಲುಗಳ ಸಂದಿಗೆ ತೆಳ್ಳಗೆ ಕಲಸಿದ ಗಾಢ ಬಣ್ಣವನ್ನು ಬ್ರಷ್ ತುದಿಯಿಂದ ಮುಟ್ಟಿಸಿದರೆ ಅದು ತಾನಾಗಿ ಸಂದಿನುದ್ದಕ್ಕೂ ಓಡುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಲೋಮನಾಳ ಕ್ರಿಯೆಯಿಂದ. ಹೊಸಬರು ಇಲ್ಲಿ ಕಪ್ಪನ್ನೇ ಬಳಸುತ್ತಾರೆ. ಬಿಳಿ ಕಾರಿನ ಮೇಲೆ ಕಪ್ಪು ಗೆರೆ ಎಳೆದರೆ ಮಕ್ಕಳ ಚಿತ್ರಪುಸ್ತಕದ ಕಾರಾಗುತ್ತದೆ, ಬೂದು ಸಾಕು.

ಬಣ್ಣದ ವಿಷಯದಲ್ಲಿ ಇನ್ನೊಂದು ನಂಬಿಕೆ ಪ್ರಚಲಿತ: ‘ದೂರದ ವಸ್ತು ಗಾಳಿಯಿಂದಾಗಿ ಮಸುಕಾಗಿ ಕಾಣುತ್ತದೆ, ಆದ್ದರಿಂದ ಮಾಡೆಲಿನ ಬಣ್ಣವನ್ನು ಸ್ವಲ್ಪ ತಿಳಿಯಾಗಿಸಬೇಕು.’ ತಿಳಿಯಾಗಿಸಿದರೆ ಚೆನ್ನಾಗಿ ಕಾಣುವುದು ನಿಜ, ಆದರೆ ಕಾರಿನ ಮಟ್ಟಿಗೆ ಕಾರಣ ಅದಲ್ಲ ಎನ್ನುವುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ. 1:24 ಕಾರನ್ನು 30 ಸೆಂ.ಮೀ. ದೂರದಿಂದ ನೋಡುವುದು ಅಸಲಿ ಕಾರನ್ನು ಸುಮಾರು 7 ಮೀಟರ್ ದೂರದಿಂದ ನೋಡಿದಂತೆ. 7 ಮೀಟರಿನ ಗಾಳಿ ಬಣ್ಣವನ್ನು ಮಸುಕಾಗಿಸುವುದಿಲ್ಲ. ಆಕಾಶದಲ್ಲಿ ಹಾರುವ ವಿಮಾನದ ಮಾತು ಬೇರೆ. ಇಲ್ಲಿನ ವ್ಯತ್ಯಾಸ ಬೆಳಕಿನದು. ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸಿನಲ್ಲಿದ್ದರೆ, ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಅಷ್ಟೇ. ಬಿಸಿಲಲ್ಲಿ ಜೀವಂತವಾಗಿ ಕಾಣುವ ಕಡುಗೆಂಪು ಕೋಣೆಯೊಳಗೆ ಕಪ್ಪಡರಿದಂತೆ ಕಾಣುತ್ತದೆ.

ಅಂಟು ನಿಜಕ್ಕೂ ಅಂಟಿಸುತ್ತದೆಯೇ?

ಪ್ಲಾಸ್ಟಿಕ್ ಕಿಟ್‌ನ ಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿ ಇವನ್ನು ತಯಾರಿಸುತ್ತಾರೆ. ಅಚ್ಚು ಮಾಡುವ ಮೊದಲಿನ ಅಧ್ಯಯನವೂ ಕಡಿಮೆಯದಲ್ಲ. ಜಪಾನಿನ ಶಿಜುವೋಕಾದಲ್ಲಿರುವ ತಮಿಯಾ ಕಂಪನಿ 1970ರ ದಶಕದಲ್ಲಿ ಪೋರ್ಶೆಯ ಮಾಡೆಲ್ ಮಾಡಲು ಒಂದು ಅಸಲಿ ಪೋರ್ಶೆ 911 ಕಾರನ್ನೇ ಕೊಂಡು ಬಿಚ್ಚಿಹಾಕಿತು. ಮತ್ತೆ ಜೋಡಿಸಲು ಬಾರದೆ ಪೋರ್ಶೆಯ ಮೆಕ್ಯಾನಿಕ್‌ಗಳನ್ನೇ ಕರೆಸಬೇಕಾಯಿತಂತೆ!

ಈ ಭಾಗಗಳನ್ನು ಜೋಡಿಸುವ ‘ಮಾಡೆಲ್ ಸಿಮೆಂಟ್’ ನಮ್ಮ ಸಾಮಾನ್ಯ ಅರ್ಥದ ಅಂಟಲ್ಲ. ಅದರಲ್ಲಿರುವ ಅಸಿಟೋನ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳು ಎರಡೂ ಬದಿಯ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಕರಗಿದ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಉಳಿಯುವುದು ಒಂದೇ ತುಂಡು. ಇದು ಅಂಟಿಗಿಂತ ಬೆಸುಗೆಗೆ ಹತ್ತಿರ. ಹಾಗಾಗಿ ‘ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆ’ ಎಂಬ ಅಡುಗೆಮನೆಯ ತರ್ಕ ಇಲ್ಲಿ ನಡೆಯದು. ಜಾಸ್ತಿ ಹಾಕಿದರೆ ಕಾರಿನ ಮೈಯೇ ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ. ಬಣ್ಣ ಹಚ್ಚಿದ ಮೇಲೆ ಅಂಟಿಸಿದರೆ ಹಿಡಿಯದಿರುವುದಕ್ಕೂ ಕಾರಣ ಇದೇ. ದ್ರಾವಕಕ್ಕೆ ಕರಗಿಸಲು ಪ್ಲಾಸ್ಟಿಕ್ಕೇ ಸಿಗುವುದಿಲ್ಲ.

ಸೂಪರ್‌ಗ್ಲೂ ಬೇರೆಯೇ ಜಾತಿ. ಸೈನೊಅಕ್ರಿಲೇಟ್ ಗಾಳಿಯ ತೇವ ತಾಗಿದರೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಅದರ ಆವಿ ಅಕ್ಕಪಕ್ಕ ಬಿಳಿ ಪುಡಿಯಾಗಿ ಕೂರುತ್ತದೆ. ಕಾರಿನ ಗಾಜಿಗೆ ಅದನ್ನು ಬಳಸಿದರೆ ಚಳಿಗಾಲದ ಮಂಜು ಕವಿದಂತೆ ಕಲೆ ಉಳಿಯುವುದು ಇದರಿಂದ. ಪೊಲೀಸರು ವಸ್ತುಗಳ ಮೇಲಿನ ಬೆರಳಚ್ಚು ಕಾಣಿಸಲು ಇದೇ ಆವಿಯನ್ನು ಬೇಕೆಂದೇ ಬಳಸುತ್ತಾರೆ. ಗಾಜಿಗೆ ಸಾಮಾನ್ಯ ಫೆವಿಕಾಲ್ ಒಳ್ಳೆಯದು. ಒಣಗಿದರೆ ಪಾರದರ್ಶಕ, ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು.

ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್‌ಗಳ ಸುತ್ತ ಬೆಳ್ಳಿಯ ಹೊಳಪು ಬರುವುದನ್ನು ‘ಡೆಕಾಲ್ ಹಳತಾಗಿದೆ’ ಎಂದುಕೊಳ್ಳುತ್ತಾರೆ. ಬಹುತೇಕ ಸಲ ತಪ್ಪು ಡೆಕಾಲಿನದಲ್ಲ. ಮ್ಯಾಟ್ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಒರಟು. ಅದರ ತಗ್ಗುಗಳಲ್ಲಿ ಸಿಕ್ಕಿಕೊಂಡ ಗಾಳಿ ಬೆಳಕನ್ನು ಚದುರಿಸುತ್ತದೆ. ಮೊದಲು ಹೊಳಪಿನ ವಾರ್ನಿಷ್ ಹೊಡೆದು, ಡೆಕಾಲ್ ಕೂರಿಸಿ, ಆಮೇಲೆ ಬೇಕಿದ್ದರೆ ಮ್ಯಾಟ್ ಮಾಡಿಕೊಳ್ಳಬೇಕು.

ಮಾಸ್ಕ್ ಇದೆಯಲ್ಲ, ಸಾಕಲ್ಲವೇ?

ಸಾಲದು. ಈ ಹವ್ಯಾಸದಲ್ಲಿ ನಿಜವಾಗಿ ಎಚ್ಚರ ಬೇಕಾದ ಜಾಗ ಇದು. ಕೋವಿಡ್ ಕಾಲದಿಂದ ಮನೆಯಲ್ಲುಳಿದ ಎನ್-95 ಮಾಸ್ಕ್ ಹಾಕಿಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಹೊಡೆಯುವವರಿದ್ದಾರೆ. ಎನ್-95 ತಡೆಯುವುದು ಕಣಗಳನ್ನು ಮಾತ್ರ. ಥಿನ್ನರ್, ಟೊಲುಯೀನ್, ಅಸಿಟೋನ್‌ಗಳು ಆವಿಯಾಗಿ, ಅಂದರೆ ಬಿಡಿ ಅಣುಗಳಾಗಿ, ಅದರ ನಾರಿನ ನಡುವೆ ಸಲೀಸಾಗಿ ನುಸುಳುತ್ತವೆ. ಅವನ್ನು ಹಿಡಿದಿಡಲು ಸಕ್ರಿಯ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಆ ಕಾರ್ಟ್ರಿಜ್‌ಗೂ ಆಯುಷ್ಯವಿದೆ, ಕಾಲಕಾಲಕ್ಕೆ ಬದಲಿಸಬೇಕು. ಅದಕ್ಕಿಂತ ಮೊದಲು ಬೇಕಾದದ್ದು ಗಾಳಿಯನ್ನು ಹೊರಕ್ಕೆ ತಳ್ಳುವ ವ್ಯವಸ್ಥೆ. ಸೀಲಿಂಗ್ ಫ್ಯಾನ್ ಆವಿಯನ್ನು ಕೋಣೆಯೊಳಗೇ ಸುತ್ತಿಸುತ್ತದೆ, ಹೊರಗೆ ಹಾಕುವುದಿಲ್ಲ.

‘ಈಗ ವಾಸನೆ ಬರುತ್ತಿಲ್ಲ, ಹಾಗಾಗಿ ತೊಂದರೆಯಿಲ್ಲ’ ಎನ್ನುವುದು ಇನ್ನೊಂದು ಭ್ರಮೆ. ಮೂಗು ಯಾವುದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಆವಿ ಅಲ್ಲೇ ಇರುತ್ತದೆ, ನಮಗೆ ಗೊತ್ತಾಗುವುದು ನಿಲ್ಲುತ್ತದೆ. ತಲೆನೋವು, ತಲೆಸುತ್ತು ಬಂದರೆ ಕೆಲಸ ನಿಲ್ಲಿಸಿ ಹೊರಗೆ ಹೋಗಿ. ಈ ಆವಿಗಳಲ್ಲಿ ಹಲವು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡುತ್ತವೆ, ಸುಲಭವಾಗಿ ಹೊತ್ತಿಕೊಳ್ಳುತ್ತವೆ. ದೇವರ ದೀಪ, ಗ್ಯಾಸ್ ಒಲೆ ಹತ್ತಿರವಿದ್ದರೆ ಸ್ಪ್ರೇ ಬೇಡವೇ ಬೇಡ.

ಹಾಗಾದರೆ ನೀರಿನ ಆಧಾರದ ಅಕ್ರಿಲಿಕ್ ಬಣ್ಣ ಬಳಸಿದರೆ? ಬ್ರಷ್ಷಿನಲ್ಲಿ ಹಚ್ಚುವಾಗ ಅದು ಬಹಳ ಉತ್ತಮ ಆಯ್ಕೆ. ಆದರೆ ಏರ್‌ಬ್ರಷ್‌ನಿಂದ ಹೊಡೆದಾಗ ಆಗುವ ಸೂಕ್ಷ್ಮ ತುಂತುರು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಪ್ಲಾಸ್ಟಿಕ್ ಮತ್ತು ವರ್ಣದ್ರವ್ಯದ ಕಣಗಳು ಅಲ್ಲಿಗೆ ಹೋಗಬೇಕಾದ ವಸ್ತುಗಳಲ್ಲ. ಇಲ್ಲಿ ಎನ್-95 ಉಪಯೋಗಕ್ಕೆ ಬರುತ್ತದೆ. ಡಬ್ಬಿಯ ಮೇಲೆ ‘ಅಕ್ರಿಲಿಕ್’ ಎಂದಿದ್ದ ಮಾತ್ರಕ್ಕೆ ಅದು ನೀರಿನದೇ ಎಂದೂ ಅಲ್ಲ, ಕೆಲವು ಮಾಡೆಲ್ ಅಕ್ರಿಲಿಕ್‌ಗಳು ಆಲ್ಕೋಹಾಲ್ ಆಧಾರಿತ. ರೆಸಿನ್ ಭಾಗಗಳನ್ನು ಉಜ್ಜುವಾಗ ನೀರು ಹಚ್ಚಿ ಉಜ್ಜಿದರೆ ದೂಳು ಏಳುವುದಿಲ್ಲ. ಗಟ್ಟಿಯಾಗದ ಎಪಾಕ್ಸಿ ಬರಿಗೈಗೆ ಪದೇಪದೇ ತಾಗಿದರೆ ಚರ್ಮಕ್ಕೆ ಅಲರ್ಜಿ ಶುರುವಾಗಬಹುದು. ಒಮ್ಮೆ ಶುರುವಾದರೆ ಅದು ಹೋಗುವುದು ಕಷ್ಟ, ಆದ್ದರಿಂದ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ.

ಸೂಪರ್‌ಗ್ಲೂ ಚೆಲ್ಲಿದರೆ ಹತ್ತಿಯಿಂದ ಒರೆಸಬೇಡಿ. ಹತ್ತಿ ಮತ್ತು ಉಣ್ಣೆಯೊಂದಿಗೆ ಅದು ಕ್ಷಿಪ್ರವಾಗಿ ವರ್ತಿಸಿ, ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು. ಬೆರಳು ಅಂಟಿಕೊಂಡರೆ ಕೀಳಬಾರದು. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ನಿಧಾನವಾಗಿ ಉರುಳಿಸಿ ಬಿಡಿಸಬೇಕು. ಕಣ್ಣಿಗೆ ತಾಗಿದರೆ ರೆಪ್ಪೆ ಎಳೆಯದೆ, ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು.

ಇನ್ನು ಮನೆಯ ಹಿರಿಯರು ಹೇಳುವ ಮಾತು: ‘ಅಷ್ಟು ಸಣ್ಣದನ್ನು ನೋಡಿ ನೋಡಿ ಕಣ್ಣು ಹಾಳಾಗುತ್ತೆ ನೋಡು!’ ವಯಸ್ಕರ ಮಟ್ಟಿಗೆ ಇದು ನಿಜವಲ್ಲ. ಹತ್ತಿರದ ಕೆಲಸದಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಮಸೂರವನ್ನು ಹಿಡಿದಿರುವ ಸ್ನಾಯು ದಣಿಯುತ್ತದೆ. ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ. ಭೂತಗನ್ನಡಿ ಬಳಸುವುದರಿಂದ ಕಣ್ಣು ಕೆಡುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಅಜ್ಜಿಯ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಹೆಚ್ಚು ಹೊತ್ತು ಹತ್ತಿರದ ಕೆಲಸ ಮಾಡುವುದಕ್ಕೂ ಸಮೀಪದೃಷ್ಟಿಗೂ ನಂಟಿದೆ. ಹೊರಗಿನ ಬೆಳಕಿನಲ್ಲಿ ಆಡುವುದು ಅದಕ್ಕೆ ರಕ್ಷಣೆ. ಕಿಟ್ ಕೊಡಿಸಿ, ಜೊತೆಗೆ ಆಟದ ಬಯಲಿಗೂ ಕಳಿಸಿ.

ಕಾರಿಗೊಂದು ಊರು

ಕಾರು ತಯಾರಾಯಿತು. ಅದು ನಿಲ್ಲಲು ರಸ್ತೆ, ಗ್ಯಾರೇಜು, ಚಹಾ ಅಂಗಡಿ ಬೇಕಲ್ಲ? ಹಾಗೆ ಕಟ್ಟುವ ದೃಶ್ಯವೇ ಡಯೊರಾಮಾ. ಈ ಪದವನ್ನು ಪ್ರಸಿದ್ಧಗೊಳಿಸಿದವರು ಮುಂದೆ ಛಾಯಾಗ್ರಹಣದ ಆದ್ಯರಲ್ಲಿ ಒಬ್ಬರಾದ ಲೂಯಿ ದಾಗೆರ್. 1822ರಲ್ಲಿ ಅವರು ಶಾರ್ಲ್ ಬೂತೋಂ ಜೊತೆ ಪ್ಯಾರಿಸಿನಲ್ಲಿ ತೆರೆದ ಡಯೊರಾಮಾ ಒಂದು ರಂಗಮಂದಿರವಾಗಿತ್ತು. ಬೃಹತ್ ಅರೆಪಾರದರ್ಶಕ ಚಿತ್ರಪಟದ ಹಿಂದೆ ಮುಂದೆ ಬೆಳಕು ಬದಲಿಸಿ ಹಗಲನ್ನು ರಾತ್ರಿಯಾಗಿಸುತ್ತಿದ್ದರು. ಪುಟ್ಟ ಮಾದರಿ ದೃಶ್ಯಗಳಿಗೆ ಆ ಹೆಸರು ಬಂದದ್ದು ಆಮೇಲೆ. ಇದು ಬರೀ ಹವ್ಯಾಸವೂ ಅಲ್ಲ. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ 1940ರ ದಶಕದಲ್ಲಿ ಸಾವಿನ ತನಿಖೆ ಕಲಿಸಲೆಂದು 1:12 ಅಳತೆಯಲ್ಲಿ ಅಪರಾಧ ನಡೆದ ಮನೆಗಳ ಮಾದರಿಗಳನ್ನು ಕಟ್ಟಿದರು. ಬಾಲ್ಟಿಮೋರಿನಲ್ಲಿ ಅವು ಈ ಕಾಲದಲ್ಲೂ ತರಬೇತಿಗೆ ಬಳಕೆಯಾಗಿವೆ.

ನಮ್ಮಲ್ಲಿಯೂ ಇದು ಹೊಸದೇನಲ್ಲ. ಹಳೇ ಮೈಸೂರು ಕಡೆಯ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ಮೆಟ್ಟಿಲುಗಳ ಪಕ್ಕದಲ್ಲಿ ಹಳ್ಳಿ, ಪಾರ್ಕು, ಮೃಗಾಲಯ ಮಾಡುತ್ತಾರಲ್ಲ, ಅದು ಅಪ್ಪಟ ಡಯೊರಾಮಾ. ರಾಗಿಯ ಮೊಳಕೆಯನ್ನು ಗದ್ದೆಯಾಗಿಸುವುದು ಸ್ಕೇಲಿನ ದೃಷ್ಟಿಯಿಂದಲೂ ಜಾಣತನ. ಸಣ್ಣ ಗಿಡದ ಬದಲಿಗೆ ಇನ್ನೂ ಸಣ್ಣ ಎಲೆಯ ಬೇರೊಂದನ್ನು ಹುಡುಕಿಕೊಂಡಿದ್ದಾರೆ.

ಇಲ್ಲಿನ ದೊಡ್ಡ ತಪ್ಪು ಕಲ್ಪನೆ ಎಂದರೆ, ನಿಜವಾದ ವಸ್ತು ಬಳಸಿದರೆ ನಿಜದಂತೆ ಕಾಣುತ್ತದೆ ಎನ್ನುವುದು. ಅರ್ಧ ಮಿ.ಮೀ. ಮರಳಿನ ಕಣ 1:24 ರಸ್ತೆಯ ಮೇಲೆ 12 ಮಿ.ಮೀ.ನ ಜಲ್ಲಿಯಾಗುತ್ತದೆ. ಕೆಮ್ಮಣ್ಣಿನ ರಸ್ತೆ ಬೇಕಿದ್ದರೆ ಮಣ್ಣನ್ನು ಒಣಗಿಸಿ, ಕುಟ್ಟಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ನೀರು ಬೆರೆಸಿದ ಫೆವಿಕಾಲನ್ನು ಅದರ ಮೇಲೆ ಹಾಕಿದರೆ ಹನಿಗಳು ಮಣಿಮಣಿಯಾಗಿ ಉರುಳುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿ ನೋಡಿ. ಮೇಲ್ಮೈ ಸೆಳೆತ ಕಡಿಮೆಯಾಗಿ ಅಂಟು ಸದ್ದಿಲ್ಲದೆ ಇಂಗುತ್ತದೆ. ಒಣಹುಲ್ಲು, ಪಾಚಿ ಬಳಸುವುದಾದರೆ ಪೂರ್ತಿ ಒಣಗಿರಬೇಕು, ಇಲ್ಲವಾದರೆ ಮಳೆಗಾಲದಲ್ಲಿ ನಿಮ್ಮ ಪುಟ್ಟ ಊರಿಗೆ ಬೂಷ್ಟು ಹಿಡಿಯುತ್ತದೆ.

ನೀರಂತೂ ಯಾವತ್ತೂ ಸ್ಕೇಲಿಗೆ ಬಗ್ಗುವುದಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಕೂತ 2 ಮಿ.ಮೀ. ಹನಿ ಅಸಲಿ ಲೆಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ್ದು. ಅದಕ್ಕೇ ಹವ್ಯಾಸಿಗಳು ಕೊಚ್ಚೆಗುಂಡಿಗೆ ಪಾರದರ್ಶಕ ರೆಸಿನ್ ಅಥವಾ ಹೊಳಪಿನ ವಾರ್ನಿಷ್ ಬಳಸುತ್ತಾರೆ. ಚಲನೆಗೂ ಇದೇ ಕಷ್ಟ. ಮಾದರಿ ಕಾರು ಕಂದಕಕ್ಕೆ ಬೀಳುವುದು ಬೇಗ ಮುಗಿದುಹೋಗುತ್ತದೆ. 1:24ರಲ್ಲಿ ಅದು ಅಸಲಿಯಂತೆ ಕಾಣಬೇಕಾದರೆ 24ರ ವರ್ಗಮೂಲದಷ್ಟು, ಅಂದರೆ ಸುಮಾರು ಐದು ಪಟ್ಟು ನಿಧಾನವಾಗಿ ತೋರಿಸಬೇಕು. ಹಳೆಯ ಸಿನಿಮಾಗಳ ಮಿನಿಯೇಚರ್ ದೃಶ್ಯಗಳನ್ನು ಹೆಚ್ಚು ವೇಗದ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದುದು ಇದಕ್ಕೇ.

ತುಕ್ಕು, ಕೆಸರು ಹಚ್ಚುವಾಗ ಕೈ ತಡೆಯುವುದು ಕಷ್ಟ. ಒಂದು ಸಲ ರುಚಿ ಹತ್ತಿದರೆ ಇಡೀ ಕಾರಿಗೆ ಬಳಿಯುವ ಆಸೆಯಾಗುತ್ತದೆ. ಆದರೆ ತುಕ್ಕಿಗೂ ತರ್ಕವಿದೆ. ನೀರು ನಿಲ್ಲುವಲ್ಲಿ ಅದು ಶುರುವಾಗುತ್ತದೆ: ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಗಾಜಿನ ರಬ್ಬರಿನ ಅಡಿ. ಪ್ಲಾಸ್ಟಿಕ್ ಬಂಪರಿಗೆ ತುಕ್ಕು ಹಿಡಿಯುವುದಿಲ್ಲ, ಅಲ್ಯೂಮಿನಿಯಂ ಚಕ್ರ ಕೆಂಪಾಗುವುದಿಲ್ಲ. ಬಿಸಿಲಿಗೆ ಮಾಸುವುದು ಛಾವಣಿ ಮತ್ತು ಬಾನೆಟ್, ಪಕ್ಕದ ಬಾಗಿಲು ಅಷ್ಟಾಗಿ ಮಾಸುವುದಿಲ್ಲ. ಮಲೆನಾಡಿನ ಮಣ್ಣುರಸ್ತೆಯಲ್ಲಿ ಓಡಾಡಿದ ಜೀಪನ್ನು ಗಮನಿಸಿ, ಕೆಸರು ಹೆಚ್ಚಾಗಿ ಚಕ್ರಗಳ ಹಿಂಬದಿಗೇ ಎರಚಿರುತ್ತದೆ. ಹಳೆಯ ಕಾರುಗಳ ವಿವರ ಬೇಕಿದ್ದವರು ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆಯಬಹುದು.

ಒಂದು ಕಣ್ಣು ಮುಚ್ಚಿ ನೋಡಿ

ಎಷ್ಟೇ ಚೆನ್ನಾಗಿ ಮಾಡಿದರೂ ಎದುರಿಗಿಟ್ಟುಕೊಂಡಾಗ ಮಾಡೆಲ್ ಸಣ್ಣದಾಗಿಯೇ ಕಾಣುತ್ತದೆ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂ.ಮೀ. ಅಂತರವಿದೆ. 1:24 ಜಗತ್ತಿನಲ್ಲಿ ಅದು ಒಂದೂವರೆ ಮೀಟರಿಗೂ ಹೆಚ್ಚು. ಅಂದರೆ ಆ ಪುಟ್ಟ ಬೀದಿಯನ್ನು ನೀವು ನೋಡುತ್ತಿರುವುದು ರಾಕ್ಷಸನ ಕಣ್ಣಿನಿಂದ. ಒಂದು ಕಣ್ಣು ಮುಚ್ಚಿದರೆ ಆ ಸುಳಿವು ತಪ್ಪಿ, ಮಾಡೆಲ್ ಸ್ವಲ್ಪ ದೊಡ್ಡದಾದಂತೆ ಭಾಸವಾಗುತ್ತದೆ. ಕ್ಯಾಮೆರಾಕ್ಕೆ ಇರುವುದೂ ಒಂದೇ ಕಣ್ಣು.

ಅಮೆರಿಕದ ಮೈಕೆಲ್ ಪಾಲ್ ಸ್ಮಿತ್ ಇದನ್ನು ಅದ್ಭುತವಾಗಿ ಬಳಸಿಕೊಂಡರು. 1:24ರ ಲೋಹದ ಕಾರುಗಳು ಮತ್ತು ತಾವೇ ಕಟ್ಟಿದ ಮನೆಗಳನ್ನು ಬಯಲಲ್ಲಿ ಮೇಜಿನ ಮೇಲಿಟ್ಟು, ಹಿಂದೆ ಕಾಣುವ ಅಸಲಿ ಮರ, ಮನೆಗಳೊಂದಿಗೆ ಸರಿಹೊಂದಿಸಿ ‘ಎಲ್ಗಿನ್ ಪಾರ್ಕ್’ ಎಂಬ ಕಾಲ್ಪನಿಕ ಊರಿನ ಫೋಟೋಗಳನ್ನು ತೆಗೆದರು. ಬಳಸಿದ್ದು ಸಾಧಾರಣ ಪುಟ್ಟ ಕ್ಯಾಮೆರಾ. ಅದೇ ಅನುಕೂಲವೂ ಆಯಿತು. ದೊಡ್ಡ ಲೆನ್ಸಿನಲ್ಲಿ ಹತ್ತಿರದ ವಸ್ತು ತೆಗೆದರೆ ಹಿನ್ನೆಲೆ ಮಸುಕಾಗಿ, ‘ಸಣ್ಣದು’ ಎಂದು ಮೆದುಳಿಗೆ ಗೊತ್ತಾಗಿಬಿಡುತ್ತದೆ. ಸಣ್ಣ ಲೆನ್ಸಿನಲ್ಲಿ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿರುತ್ತದೆ. ನಿಮ್ಮ ಮೊಬೈಲಿನಲ್ಲೇ ಪ್ರಯತ್ನಿಸಬಹುದು. ಪೋರ್ಟ್ರೇಟ್ ಮೋಡ್ ಆಫ್ ಮಾಡಿ, ಬೆಳಗಿನ ಬಿಸಿಲಿನಲ್ಲಿ, ಲೆನ್ಸನ್ನು ನೆಲದಿಂದ ಆರು ಸೆಂ.ಮೀ. ಎತ್ತರಕ್ಕೆ ತನ್ನಿ. ಆ ಊರಿನಲ್ಲಿ ಅದು ನಿಂತ ಮನುಷ್ಯನ ಕಣ್ಣಿನ ಮಟ್ಟ.

ಕಪಾಟಿನಲ್ಲಿ ಇಟ್ಟ ಮೇಲೆ

ಹಳೆಯ ಕಿಟ್‌ಗಳ ಮೆತ್ತನೆಯ ಪಿವಿಸಿ ಟೈರುಗಳು ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸಿ ಅಂಟಿಕೊಳ್ಳುವುದುಂಟು. ಇದು ಸೆಕೆಯ ಪ್ರಭಾವ ಮಾತ್ರವಲ್ಲ. ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಹೊರಬಂದು ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ. ಕಾರಿನ ಅಡಿಗೆ ಆಧಾರ ಕೊಟ್ಟು ಟೈರು ನೆಲ ಮುಟ್ಟದಂತೆ ಇಟ್ಟರೆ ಪೀಠವಾದರೂ ಉಳಿಯುತ್ತದೆ. ಚಕ್ರ ಮತ್ತು ಟೈರಿನ ನಡುವೆ ತೆಳುವಾದ ಲೋಹದ ಹಾಳೆ ಸುತ್ತುವವರೂ ಇದ್ದಾರೆ.

ಲೋಹದ ಕಾರುಗಳ ಸಂಗ್ರಹಕಾರರನ್ನು ಹೆದರಿಸುವ ಹೆಸರು ‘ಜಿಂಕ್ ಪೆಸ್ಟ್’. ಕಾರಿನ ಮೈ ಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಮೈ ಉಬ್ಬುತ್ತದೆ, ಕೊನೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ‘ಪೆಸ್ಟ್’ ಎಂಬ ಹೆಸರಿನಿಂದಲೋ ಏನೋ, ಇದು ಒಂದು ಕಾರಿನಿಂದ ಪಕ್ಕದ ಕಾರಿಗೆ ಹರಡುವ ಸೋಂಕು ಎಂದು ಅನೇಕರು ನಂಬಿದ್ದಾರೆ. ಹೆದರಿ ಇಡೀ ಸಂಗ್ರಹವನ್ನೇ ಮಾರಿದವರ ಕತೆಗಳೂ ಓಡಾಡುತ್ತವೆ. ಇದು ರೋಗವಲ್ಲ, ಹುಳುವಲ್ಲ, ಹರಡುವುದೂ ಇಲ್ಲ. ಈ ಕಾರುಗಳು ಸತುವಿಗೆ ಸುಮಾರು ನಾಲ್ಕು ಶೇಕಡಾ ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹದವು. ಎರಕ ಹೊಯ್ಯುವಾಗ ಸೀಸ, ತವರ, ಕ್ಯಾಡ್ಮಿಯಂ ಅತ್ಯಲ್ಪ ಪ್ರಮಾಣದಲ್ಲಿ ಸೇರಿದರೂ ಅವು ಲೋಹದ ಹರಳುಗಳ ನಡುವಿನ ಗಡಿಯಲ್ಲಿ ಕೂತು, ತೇವ ಸಿಕ್ಕಾಗ ಅಲ್ಲಿಂದಲೇ ಸವೆತ ಶುರುವಾಗುತ್ತದೆ. ಹುಟ್ಟಿದ ದಿನವೇ ಒಳಗಿದ್ದ ದೋಷವದು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರುಗಳಲ್ಲಿ ಇದು ಕುಖ್ಯಾತ. ಈಚಿನ ಕೆಲವು ತಯಾರಿಕೆಗಳಲ್ಲೂ ಕಾಣಿಸಿಕೊಂಡಿದೆ. ಒಂದೇ ಕಪಾಟಿನ ನಾಲ್ಕು ಕಾರು ಒಟ್ಟಿಗೆ ಕೆಟ್ಟರೆ ಅವು ಒಂದೇ ಕಾಲದ ಒಂದೇ ಕಾರ್ಖಾನೆಯ ಎರಕವೇ ಎಂದು ಮೊದಲು ನೋಡಬೇಕು.

ಬಣ್ಣ ಗುಳ್ಳೆಯೆದ್ದರೆ ಎಲ್ಲವೂ ಜಿಂಕ್ ಪೆಸ್ಟ್ ಅಲ್ಲ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ತೇವ ಸಿಕ್ಕಿಕೊಂಡಾಗಲೂ ಬಣ್ಣ ಏಳುತ್ತದೆ. ಲೋಹದಲ್ಲೇ ಬಿರುಕಿದೆಯೇ, ಬಾಗಿಲು ಉಬ್ಬಿ ಸಿಕ್ಕಿಕೊಳ್ಳುತ್ತಿದೆಯೇ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ದೋಷವಿರುವ ಎರಕವನ್ನು ಬಣ್ಣ, ವಾರ್ನಿಷ್ ಯಾವುದೂ ಗುಣಪಡಿಸುವುದಿಲ್ಲ. ಸೆಕೆ ಮತ್ತು ತೇವ ಸೇರಿದಾಗ ಸವೆತ ಚುರುಕಾಗುತ್ತದೆ. ಹಾಗಾಗಿ ಮಂಗಳೂರು, ಕಾರವಾರದ ಮನೆಗಳಲ್ಲಿ ಕಪಾಟಿಗೆ ಸಿಲಿಕಾ ಜೆಲ್ ಚೀಲ ಇಟ್ಟು, ಅದನ್ನು ಆಗಾಗ ಬದಲಿಸುವುದು ಒಳ್ಳೆಯದು. ನೇರ ಬಿಸಿಲು ಬೀಳುವ ಗೋಡೆಯೂ ಬೇಡ. ಕೆಂಪು ಬಣ್ಣ ಮಾಸುತ್ತದೆ, ಪಾರದರ್ಶಕ ರೆಸಿನ್ ಹಳದಿಯಾಗುತ್ತದೆ. ಬಿರುಕು ಬಿಡಲು ಶುರುವಾದ ಅಪರೂಪದ ಕಾರಿದ್ದರೆ, ಅದು ಇನ್ನೂ ಆಕಾರದಲ್ಲಿರುವಾಗಲೇ ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದಿಟ್ಟುಕೊಂಡರೆ ರೆಸಿನ್‌ನಲ್ಲಿ ಅದರ ಪ್ರತಿಯನ್ನಾದರೂ ಎರಕ ಹೊಯ್ಯಬಹುದು.